ಪ್ರಾಚೀನ ಪಾರಸೀಕ ಲಿಪಿಗಳಲ್ಲಿ ಅಕ್ಷರಗಳ ಕೂಡಿಕೆ

ಲಿಪಿಗಳ ಚರಿತ್ರೆಯನ್ನು ಅಕ್ಷರಗಳ ಸಂಖ್ಯೆಯಿಂದಲೂ ಉಚ್ಚಾರಣೆಯಿಂದಲೂ ವಿವರಿಸುವುದು ವಾಡಿಕೆಯಾದರೂ, ಪ್ರಾಚೀನ ಪಾರಸೀಕ ಲಿಪಿಗಳ ವಿಷಯದಲ್ಲಿ, ಒಂದಕ್ಷರವು ಮತ್ತೊಂದರೊಡನೆ ಕೂಡಿದಾಗ ಅದರ ಆಕಾರವು ಏನಾಗುವುದೆಂಬುದೇ ಮುಖ್ಯ ಪ್ರಶ್ನೆಯಾಗಿ ನಿಲ್ಲುತ್ತದೆ. ಕನ್ನಡದ ಒತ್ತಕ್ಷರವು ಸ್ವರದ ವ್ಯವಧಾನವಿಲ್ಲದೆ ವ್ಯಂಜನಗಳು ಸೇರಿರುವುದನ್ನು ಸೂಚಿಸುತ್ತದೆ. ಅಲ್ಲಿ ಕೂಡಿಕೆಗೆ ಧ್ವನಿಯೇ ಕಾರಣ. ಪಾರಸೀಕರ ಕೂಡಿಕೆಗಾದರೋ ಲೇಖನಿಯನ್ನೆತ್ತದೆ ಬರೆಯುವ ಕೈಯ ತ್ವರೆಯೇ ಮೂಲ. ಆ ತ್ವರೆಗಾಗಿ ಓದುಗನು ಎಷ್ಟು ತೆರಬೇಕಾಯಿತು, ವಿದ್ವಾಂಸರು ಆ ತೊಡಕನ್ನು ಹೇಗೆ ಬಿಡಿಸಿದರು ಎಂಬುದನ್ನು ಸ್ಥೂಲವಾಗಿ ಪರಿಶೀಲಿಸುವುದು ಇಲ್ಲಿಯ ಉದ್ದೇಶ.

ಮೊದಲ ಘಟ್ಟದಲ್ಲಿ ಕೂಡಿಕೆಯೇ ಇಲ್ಲ. ಬೆಹಿಸ್ತೂನಿನ ಬಂಡೆಯ ಮೇಲೆ ದಾರಿಯಸ್ ಚಕ್ರವರ್ತಿಯು ಕೆತ್ತಿಸಿದ ಶಾಸನದ ಬೆಣೆಲಿಪಿಯಲ್ಲಿ 36 ಧ್ವನಿಚಿಹ್ನೆಗಳು ಒಂದನ್ನೊಂದು ಮುಟ್ಟದೆ ನಿಂತಿವೆ. ಪದಪದಗಳ ನಡುವೆ ವಿಭಾಜಕ ಚಿಹ್ನೆಯೂ ಉಂಟು. 1802ರಲ್ಲಿ ಗ್ರೋಟೆಫೆಂಡನು ಈ ಬಗೆಯ ಲಿಪಿಯಲ್ಲಿ ರಾಜರ ಹೆಸರುಗಳನ್ನು ಗುರುತಿಸಲು ಈ ಬಿಡಿತನವು ಬಹಳ ನೆರವಾಯಿತು. ಆದರೆ ಅದೇ ಸಾಮ್ರಾಜ್ಯದ ಕಚೇರಿಗಳು ಚರ್ಮಪತ್ರದ ಮೇಲೆ ಮಸಿಯಿಂದ ಬರೆಯುತ್ತಿದ್ದುದು ಬಲದಿಂದ ಎಡಕ್ಕೆ ಹರಿಯುವ, 22 ಅಕ್ಷರಗಳ ಅರಾಮಿಕ್ ಲಿಪಿಯನ್ನು. ಬೆಣೆಲಿಪಿಯು ರಾಜವಂಶದೊಡನೆ ಅಳಿಯಿತು. ಕರಣಿಕರ ಲಿಪಿಯು ಉಳಿಯಿತು.

ಈ ಅರಾಮಿಕ್ ಬೇರಿನಿಂದಲೇ ಪಾರ್ಥಿಯನ್ ಮತ್ತು ಪಹ್ಲವಿ ಲಿಪಿಗಳು ಕವಲೊಡೆದವು. ಕ್ರಿ. ಶ. ಮೂರನೆಯ ಶತಮಾನದಲ್ಲಿ ಮೊದಲನೆಯ ಶಾಪುರನು ನಕ್ಷ್-ಎ-ರುಸ್ತಮ್‌ನಲ್ಲಿ ಪಾರ್ಥಿಯನ್, ಮಧ್ಯ ಪಾರಸೀಕ, ಗ್ರೀಕ್ ಎಂಬ ಮೂರು ಭಾಷೆಗಳಲ್ಲಿ ಬರೆಯಿಸಿದ ಶಾಸನವು ಈ ಘಟ್ಟದ ಉತ್ತಮ ಸಾಕ್ಷಿ. ಅಲ್ಲಿ ಮಧ್ಯ ಪಾರಸೀಕವನ್ನು ಬರೆದಿರುವ ಪಹ್ಲವಿ ಅಕ್ಷರಗಳು ಬಿಡಿಬಿಡಿಯಾಗಿದ್ದರೂ ವಕಾರ, ರೇಫ ಮತ್ತು ಅಯಿನ್ ಎಂಬ ಮೂರು ಅಕ್ಷರಗಳು ಆಗಲೇ ಏಕಾಕಾರವನ್ನು ತಾಳಿವೆ. ಅಕ್ಷರಗಳು ಕೈಹಿಡಿಯುವುದಕ್ಕೆ ಮೊದಲೇ ಅವುಗಳ ಮುಖಗಳು ಒಂದಾಗತೊಡಗಿದ್ದವೆಂಬುದು ಗಮನಾರ್ಹವಾದ ಸಂಗತಿ.

ಗ್ರಂಥಗಳಲ್ಲಿ ಬಳಕೆಯಾದ ಪಹ್ಲವಿಯಲ್ಲಿ ಈ ಪ್ರವೃತ್ತಿಯು ಪರಾಕಾಷ್ಠೆಯನ್ನು ಮುಟ್ಟಿತು. ಕೆಲವು ಅಕ್ಷರಗಳು ಎರಡು ಪಾರ್ಶ್ವಗಳಲ್ಲಿಯೂ ಕೂಡುವುವು. ಕೆಲವು ಹಿಂದಿನದನ್ನು ಮಾತ್ರ ಹಿಡಿದು ಮುಂದಿನದಕ್ಕೆ ಕೈನೀಡವು. ಗ, ದ, ಯ ಎಂಬ ಮೂರಕ್ಕೂ ಒಂದೇ ಆಕಾರ. ನ, ವ, ರಗಳಿಗೆ ಇನ್ನೊಂದು. ಹೀಗೆ ಮೂಲದ 22 ಅಕ್ಷರಗಳು ಹನ್ನೆರಡು ಹದಿಮೂರು ಆಕಾರಗಳಿಗೆ ಇಳಿದುವಲ್ಲದೆ, ಅಂತಹ ಎರಡು ಆಕಾರಗಳು ಬೆಸೆದಲ್ಲಿ ಮೂರನೆಯ ಅಕ್ಷರವೊಂದರ ಭ್ರಮೆಯೂ ಹುಟ್ಟುತ್ತಿತ್ತು. ಪರಮದೈವವಾದ ಓಹ್ರ್‌ಮಜ್ದನ ಹೆಸರನ್ನೇ ‘ಅನ್ಹೋಮಾ’ ಎಂದು ತಪ್ಪಾಗಿ ಓದುವ ಸಂಪ್ರದಾಯವು ಬೆಳೆದುಬಂದಿತೆಂದಮೇಲೆ ಉಳಿದ ಪದಗಳ ಪಾಡನ್ನು ಹೇಳಬೇಕಾದುದಿಲ್ಲ. ಅರಾಮಿಕ್ ಪದವನ್ನು ಬರೆದು ಪಾರಸೀಕ ಪದವನ್ನು ಓದುವ ಪದ್ಧತಿಯು, ‘ಮಲ್ಕಾ’ ಎಂದು ಬರೆದು ‘ಶಾಹ್’ ಎಂದು ಉಚ್ಚರಿಸುವ ಕ್ರಮವು, ಈ ಗೊಂದಲದ ನಡುವೆಯೂ ಬಾಳಿತು; ಏಕೆಂದರೆ ಪಳಗಿದ ಕರಣಿಕನು ಪದವನ್ನು ಅಕ್ಷರಶಃ ಓದದೆ ಅಖಂಡ ಚಿತ್ರವಾಗಿಯೇ ಗುರುತಿಸುತ್ತಿದ್ದನು.

ಇದಕ್ಕೆ ಪ್ರತಿಕ್ರಿಯೆಗಳೂ ಹುಟ್ಟದೆ ಹೋಗಲಿಲ್ಲ. ಮಾನಿ ಎಂಬ ಪ್ರವಾದಿಯ ಅನುಯಾಯಿಗಳ ಲಿಪಿಯಲ್ಲಿ ಅಕ್ಷರಗಳು ಕೂಡಿದರೂ ಪ್ರತಿಯೊಂದರ ರೂಪವು ಸ್ಫುಟವಾಗಿ ಉಳಿಯುತ್ತದೆ. ಅರಾಮಿಕ್‌ನಲ್ಲಿ ಬರೆದು ಪಾರಸೀಕದಲ್ಲಿ ಓದುವ ಪದಗಳಿಗೆ ಅಲ್ಲಿ ಎಡೆಯೇ ಇಲ್ಲ. ಅವೆಸ್ತಾದ ಪವಿತ್ರ ಪಾಠವನ್ನು ಲೋಪವಿಲ್ಲದೆ ಉಚ್ಚರಿಸಬೇಕೆಂಬ ಶ್ರದ್ಧೆಯಿಂದ ಸಾಸಾನೀ ಕಾಲದ ಪುರೋಹಿತರು ಇನ್ನೂ ಮುಂದೆ ಹೋಗಿ, ಪಹ್ಲವಿಯ ರೂಪಗಳನ್ನೇ ಆಧಾರವಾಗಿಟ್ಟುಕೊಂಡು, ಸ್ವರಗಳಿಗೂ ಪ್ರತ್ಯೇಕ ಚಿಹ್ನೆಗಳುಳ್ಳ, 50ಕ್ಕೂ ಮಿಕ್ಕ ಅಕ್ಷರಗಳ ಹೊಸ ವರ್ಣಮಾಲೆಯನ್ನು ನಿರ್ಮಿಸಿದರು. ಅದರಲ್ಲಿ ಕೂಡಿಕೆಯು ಅತ್ಯಂತ ವಿರಳ.

ಆಧುನಿಕ ಶೋಧನೆಗೆ ಭಾರತದ ಪಾರಸಿಗಳ ಋಣವು ದೊಡ್ಡದು. ಮಿಹ್ರಬಾನ್ ಕೈಖುಸ್ರೋ 1323ರಲ್ಲಿ ಖಂಭಾತಿನಲ್ಲಿ ಪ್ರತಿಮಾಡಿದ, ಅವೆಸ್ತಾದ ಭಾಗವಾದ ಯಸ್ನದ ಹಸ್ತಪ್ರತಿಗಳು ಇಂದಿಗೂ ಪ್ರಮಾಣಭೂತವಾಗಿವೆ; ಸೂರತ್ತಿನ ದಸ್ತೂರರೆಂಬ ಪಾರಸಿ ಪುರೋಹಿತರಲ್ಲಿ ಕಲಿತ ಆಂಕ್ತಿಲ್ ದ್ಯುಪೆರೋನನ ಅವೆಸ್ತಾ ಅನುವಾದವು 1771ರಲ್ಲಿ ಪ್ರಕಟವಾಯಿತು. ಮುಂದೆ ಸಿಲ್ವೆಸ್ತ್ರ್ ದ ಸಾಸಿಯು ಸಾಸಾನೀ ಶಾಸನಗಳನ್ನು ಓದಿದನು. 1904ರಲ್ಲಿ ಎಫ್. ಡಬ್ಲ್ಯು. ಕೆ. ಮ್ಯುಲ್ಲರನು ತುರ್ಫಾನಿನ ಮಾನಿಯ ಪತ್ರಗಳನ್ನು ಬಿಡಿಸಿ, ಮಧ್ಯ ಪಾರಸೀಕದ ನಿಜವಾದ ಉಚ್ಚಾರಣೆಗೆ ಅಳತೆಗೋಲನ್ನು ಒದಗಿಸಿದನು. 1933ರಲ್ಲಿ ಪ್ರಕಟವಾದ ತುರ್ಫಾನಿನ ಕ್ರೈಸ್ತ ಕೀರ್ತನೆಗಳ ಪಹ್ಲವಿ ಪ್ರತಿಯು ಶಾಸನಲಿಪಿಗೂ ಗ್ರಂಥಲಿಪಿಗೂ ನಡುವಣ ಕೊಂಡಿಯನ್ನು ತೋರಿಸಿತು. ಇವೆಲ್ಲದರ ಫಲವಾಗಿ, ಬರೆದ ಅಕ್ಷರಗಳನ್ನು ಒಂದು ಕ್ರಮದಲ್ಲಿಯೂ ಉಚ್ಚರಿಸಿದ ಧ್ವನಿಯನ್ನು ಇನ್ನೊಂದರಲ್ಲಿಯೂ ಕೊಡುವ ಶಿಸ್ತು 1971ರ ಮೆಕೆಂಜಿಯ ನಿಘಂಟಿನಲ್ಲಿ ಸ್ಥಿರಪಟ್ಟಿತು.

ಗಣಕಯಂತ್ರದ ಯುಗದಲ್ಲಿ ಅದೇ ಪ್ರಶ್ನೆಯು ಮರಳಿ ಎದ್ದಿದೆ. ಯೂನಿಕೋಡ್ 2009ರಲ್ಲಿ ಅವೆಸ್ತಾ ಲಿಪಿಯನ್ನೂ ಶಾಸನಗಳ ಪಹ್ಲವಿ ಮತ್ತು ಪಾರ್ಥಿಯನ್ ಲಿಪಿಗಳನ್ನೂ, 2014ರಲ್ಲಿ ಮಾನಿಯ ಮತ್ತು ಕೀರ್ತನೆಗಳ ಲಿಪಿಗಳನ್ನೂ ಅಂಗೀಕರಿಸಿತು. ಗ್ರಂಥ ಪಹ್ಲವಿಯು ಆ ಎರಡು ಸಲವೂ ಹೊರಗೆ ಉಳಿಯಿತು. ಆಕಾರಕ್ಕೊಂದು ಸಂಕೇತವೋ ಧ್ವನಿಗೊಂದು ಸಂಕೇತವೋ ಎಂಬ ವಿವಾದವೇ ಅದರ ತೊಡಕು. ನನ್ನ ಅಭಿಪ್ರಾಯದಲ್ಲಿ ಕಂಡ ಆಕಾರಕ್ಕೇ ಸಂಕೇತವು ಸಲ್ಲಬೇಕು. ಧ್ವನಿಯ ನಿರ್ಣಯವು ವ್ಯಾಖ್ಯಾನಕಾರನ ಕೆಲಸ. ಪಹ್ಲವಿಯನ್ನು ಕಲಿಯಹೊರಟವರೂ ಮೊದಲು ಶಾಸನಗಳ ಬಿಡಿ ಅಕ್ಷರಗಳಲ್ಲಿ ಕಣ್ಣನ್ನು ಪಳಗಿಸಿಕೊಂಡು, ಆಮೇಲೆ ಗ್ರಂಥಗಳ ಕೂಡಿಕೆಗೆ ಇಳಿಯುವುದು ಲೇಸು.