ಹೆಸರು ಬರೆಸಿಕೊಂಡ ಗ್ರಂಥಾಲಯ

ಗ್ರಂಥಾಲಯದ ಪುಸ್ತಕದಲ್ಲಿ ಏನನ್ನೂ ಬರೆಯಬಾರದೆಂಬುದು ನಾವೆಲ್ಲರೂ ಬಾಲ್ಯದಲ್ಲಿಯೇ ಕಲಿತ ಪಾಠ. ಆದರೆ ಓದಿದವರು ತಮ್ಮ ಹೆಸರನ್ನು ಬರೆದೇ ಹೋಗಬೇಕೆಂದು ಬಯಸಿದ ಗ್ರಂಥಾಲಯವೊಂದು 2019ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ 'ಜಪಾನೀ ಅರಮನೆ'ಯಲ್ಲಿ ತೆರೆಯಿತು.

ಆ ಅರಮನೆಯ ಚರಿತ್ರೆಯನ್ನು ಬಲ್ಲವರಿಗೆ ಈ ಬಯಕೆಯ ಅರ್ಥ ಹೊಳೆಯದಿರದು. ಸ್ಯಾಕ್ಸನಿಯ ದೊರೆ ಅಗಸ್ಟಸ್ 1717ರಲ್ಲಿ ಅದನ್ನು ಕೊಂಡು ತನ್ನ ಪ್ರೀತಿಯ ಪಿಂಗಾಣಿ ಸಂಗ್ರಹಕ್ಕೆ ಮೀಸಲಿಟ್ಟನು. 1786ರಲ್ಲಿ ರಾಜ್ಯದ ಗ್ರಂಥಭಂಡಾರ ಅಲ್ಲಿಗೆ ಬಂದಿತು. ಸುಮಾರು 160 ವರ್ಷಗಳ ಕಾಲ ಅಲ್ಲಿ ನೆಲೆಸಿದ್ದ ಸರಸ್ವತಿಯನ್ನು 1945ರ ಫೆಬ್ರವರಿಯ ಬಾಂಬು ದಾಳಿ ಹೊರಗಟ್ಟಿತು. ನೆಲಮಾಳಿಗೆಯಲ್ಲಿ ಭದ್ರವಾಗಿದೆಯೆಂದು ನಂಬಿದ್ದ ಮಾಯಾ ಜನಾಂಗದ ಅಪೂರ್ವ ಹಸ್ತಪ್ರತಿ ಉರಿಗೆ ಸಿಕ್ಕದಿದ್ದರೂ ನೀರಿಗೆ ಸಿಕ್ಕಿ ಹಾಳಾಯಿತು, ಹೇಗೋ ಉಳಿದುಕೊಂಡಿತು.

ಇಂಥ ಕಟ್ಟಡದೊಳಗೆ ಇಂಗ್ಲೆಂಡಿನ ಕುಂಭಕಲಾವಿದ ಎಡ್ಮಂಡ್ ಡಿ ವಾಲ್ ಅವರು ತಮ್ಮ 'ದೇಶಭ್ರಷ್ಟರ ಗ್ರಂಥಾಲಯ'ವನ್ನು ನಿಲ್ಲಿಸಿದರು. ವೆನಿಸ್ಸಿನಲ್ಲಿ ಅದೇ ವರ್ಷ ಮೊದಲು ಕಾಣಿಸಿಕೊಂಡ ಕೃತಿಯಿದು. ಸಣ್ಣದೊಂದು ಮಂಟಪ, ಹೊರಗೋಡೆಗಳಿಗೆ ಪಿಂಗಾಣಿ ಮಣ್ಣಿನ ಲೇಪ, ಅದರ ಮೇಲೆ ನಿನೆವೆ, ಅಲೆಕ್ಸಾಂಡ್ರಿಯಾ ಮೊದಲಾದ ಅಳಿದುಹೋದ ಗ್ರಂಥಾಲಯಗಳ ಹೆಸರುಗಳು. ಈ ಅಳಲು ಕಲಾವಿದರಿಗೆ ಹೊರಗಿನದಲ್ಲ. 1938ರಲ್ಲಿ ವಿಯೆನ್ನಾದಲ್ಲಿ ಅವರ ಮುತ್ತಜ್ಜನ ಪುಸ್ತಕಗಳನ್ನು ನಾಜಿಗಳು ದೋಚಿದ್ದರು.

ಒಳಗೆ ಸುಮಾರು 2000 ಪುಸ್ತಕಗಳು. ಕಪ್ಪುಸಮುದ್ರದ ದಡಕ್ಕೆ ಗಡೀಪಾರಾದ ಓವಿಡ್, ಫ್ಲಾರೆನ್ಸಿಗೆ ಮರಳಲಾಗದ ಡಾಂಟೆ, ಅಲ್ಲಿಂದ ನಮ್ಮ ಕಾಲದವರೆಗೆ ತಾಯ್ನಾಡನ್ನು ತೊರೆಯಬೇಕಾಗಿ ಬಂದವರ ಬರೆಹ. ಪ್ರತಿಯೊಂದು ಪುಸ್ತಕದೊಳಗೂ ಒಂದು ಚೀಟಿ. ಯಾವ ಪುಸ್ತಕ ತನ್ನದೆನಿಸುತ್ತದೆಯೋ ಅದರಲ್ಲಿ ಓದುಗನು ತನ್ನ ಹೆಸರನ್ನು ಬರೆಯಬಹುದು. ಬರೆದವನು ಪುಸ್ತಕದ ಒಡೆಯನಾಗುವುದಿಲ್ಲ, ಸಾಕ್ಷಿಯಾಗುತ್ತಾನೆ.

ಉರಿದ ಗ್ರಂಥಭಂಡಾರಕ್ಕೆ ಒಂದು ಸಹಿಯಿಂದೇನು ಪ್ರಯೋಜನವೆಂದು ಯಾರಾದರೂ ಕೇಳಬಹುದು; ಕೇಳತಕ್ಕ ಪ್ರಶ್ನೆಯೇ. ಉತ್ತರ ಮುಂದಿನ ಪಯಣದಲ್ಲಿದೆ. 2020ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನಗೊಂಡ ಮೇಲೆ, ಆ ಪುಸ್ತಕಗಳು ಇರಾಕಿನ ಮೋಸುಲ್ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ದಾನವಾಗಿ ಸಂದವು. 2014ರಿಂದ 2017ರವರೆಗೆ ನಗರ ಉಗ್ರರ ವಶದಲ್ಲಿದ್ದಾಗ ಆ ಗ್ರಂಥಾಲಯ ಸುಟ್ಟು ಬರಿದಾಗಿತ್ತು. ನಿನೆವೆಯ ಹಾಳುನೆಲವಿರುವುದೂ ಅದೇ ನಗರದಲ್ಲಿ!

ಎರಡು ಸಾವಿರ ಪುಸ್ತಕಗಳು ಹೋದದ್ದನ್ನು ತುಂಬಿಕೊಡಲಾರವು. ಆದರೂ ಅಲ್ಲಿನ ವಿದ್ಯಾರ್ಥಿಯೊಬ್ಬ ಪುಸ್ತಕ ತೆರೆದಾಗ, ತಾನು ಎಂದೂ ಕಾಣದ ಊರಿನ ಅಪರಿಚಿತರೊಬ್ಬರ ಹೆಸರು ಅವನ ಕಣ್ಣಿಗೆ ಬಿದ್ದೀತು: ಇದನ್ನು ನಿನಗಿಂತ ಮೊದಲು ನಾನು ಓದಿದ್ದೆನೆಂದು.