ಕೋಚ್ ಬದಲಾದಾಗ ಹೋಗಿದ್ದೇನು?

ಅಮೆರಿಕದವರ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡೋ ಆಟ. ಅದರಲ್ಲಿ ನನ್ನನ್ನು ಕಾಡೋದು ನೆಬ್ರಾಸ್ಕಾ ವಿಶ್ವವಿದ್ಯಾಲಯದ ಕಥೆ.

1962ರಲ್ಲಿ ಬಾಬ್ ಡೆವೇನಿ ಕೋಚ್ ಆಗಿ ಬಂದರು. 1970, 1971ರಲ್ಲಿ ತಂಡ ರಾಷ್ಟ್ರೀಯ ಚಾಂಪಿಯನ್. 1973ರಲ್ಲಿ ಅವರ ಸಹಾಯಕ ಟಾಮ್ ಆಸ್ಬರ್ನ್ ಬಂದು 25 ಸೀಸನ್ ಇದ್ದರು: 255 ಗೆಲುವು, ಮೂರು ಚಾಂಪಿಯನ್‌ಶಿಪ್. ಮೆಕ್ಕೆಜೋಳದ ಹೊಲಗಳ ರಾಜ್ಯ, ಜನ ಕಮ್ಮಿ. ಹೊರಗಿನಿಂದ ಪ್ರತಿಭಾವಂತರನ್ನು ಕರೆತರೋದರ ಜೊತೆಗೆ, ಸ್ಕಾಲರ್‌ಶಿಪ್ ಇಲ್ಲದೆ ಬರೋ ಹಳ್ಳಿ ಹುಡುಗರನ್ನೂ ('ವಾಕ್-ಆನ್' ಅಂತಾರೆ) ವರ್ಷಗಟ್ಟಲೆ ಪಳಗಿಸಿದರು. ಕೋಚ್ ನಾಳೆಯೂ ಇರ್ತಾರೆ ಅನ್ನೋ ನಂಬಿಕೆಯಿದ್ದರೆ ತಾನೇ ಹುಡುಗ ಕಾಯೋದು?

1998ರಲ್ಲಿ ಡೆವೇನಿ ಕಾಲದ ಆಟಗಾರ ಫ್ರಾಂಕ್ ಸೋಲಿಚ್ ಕೋಚ್ ಆದರು. 2002ರಲ್ಲಿ 7 ಗೆಲುವು, 7 ಸೋಲು. ಇಳಿತ ಕಾಣ್ತಿತ್ತು, ನಿಜ. ಆದರೆ 2003ರಲ್ಲಿ 9 ಗೆದ್ದು 3 ಸೋತ ಮೇಲೂ ಅವರನ್ನು ತೆಗೆದುಹಾಕಿದರು! ಹೊಸಬರಾದ ಬಿಲ್ ಕ್ಯಾಲಹನ್ ಪಾಸಿಂಗ್ ಆಟ ತಂದರು, ಇದ್ದ ಹುಡುಗರು ಓಡೋ ಆಟಕ್ಕೆ ಆರಿಸಿದವರು. 2004ರಲ್ಲಿ 5 ಗೆಲುವು, 6 ಸೋಲು. ಗೆಲುವಿಗಿಂತ ಸೋಲು ಹೆಚ್ಚಾದದ್ದು 1961ರ ನಂತರ ಅದೇ ಮೊದಲು. ಆಮೇಲೆ ಕೋಚ್‌ಗಳು ಬಂದರು, ಹೋದರು. ಚಾಂಪಿಯನ್ ಪಟ್ಟ ಮರಳಲಿಲ್ಲ.

ಹಳೇ ಕೋಡ್ ಬರೆದವರು ಕೆಲಸ ಬಿಟ್ಟ ಮೇಲೆ ಪ್ರಾಜೆಕ್ಟ್ ಏನಾಗುತ್ತೆ ಅಂತ ಕಂಡಿರೋ ನನಗೆ ಇದು ಬರೀ ಆಟದ ಕಥೆ ಅನ್ನಿಸಲ್ಲ. ನಿಮಗೆ?