ನಿರಾಕರಿಸುವ ವಿದ್ಯೆ

ವ್ಯಸನವು ಎಳೆಯರ ಬಳಿಗೆ ಶತ್ರುವಿನ ವೇಷದಲ್ಲಿ ಬರುವುದು ಅಪರೂಪ. ಬಹುಮಟ್ಟಿಗೆ ಅದು ಗೆಳೆಯನ ಕೈಯಿಂದಲೇ ಬರುತ್ತದೆ. ಹದಿಮೂರರ ಬಾಲಕನಿಗೆ ಅದನ್ನು ನಿರಾಕರಿಸುವ ಬಲವನ್ನು ಶಾಲೆಯು ಕೊಡಬಲ್ಲದೇ? ಈ ಪ್ರಶ್ನೆಗೆ ದೀರ್ಘವಾದ ಇತಿಹಾಸವಿದೆ.

ಮೊದಲು ನಂಬಿದ್ದು ಭಯವನ್ನು ಮತ್ತು ಉಪದೇಶವನ್ನು. ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ 1983ರಲ್ಲಿ ಆರಂಭವಾದ 'ಡೇರ್' ಯೋಜನೆಯಲ್ಲಿ ಪೊಲೀಸ್ ಅಧಿಕಾರಿಗಳೇ ತರಗತಿಗೆ ಬಂದು ಪಾಠ ಹೇಳುತ್ತಿದ್ದರು. ಯೋಜನೆ ದೇಶವ್ಯಾಪಿಯಾಯಿತು. ಆದರೆ ಅದರ ಫಲವನ್ನು ತೂಗಿದ 1994ರ ಸಮೀಕ್ಷೆಯು, ಮಾದಕ ವಸ್ತುಗಳ ಬಳಕೆಯ ಮೇಲೆ ಅದರ ಪರಿಣಾಮ ಅತ್ಯಲ್ಪವೆಂದು ಕಂಡುಕೊಂಡಿತು.

ಇನ್ನೊಂದು ಮಾರ್ಗವನ್ನು ತೋರಿದವರು ಗಿಲ್ಬರ್ಟ್ ಬಾಟ್ವಿನ್. ನ್ಯೂಯಾರ್ಕ್ ರಾಜ್ಯದ 56 ಶಾಲೆಗಳಲ್ಲಿ ನಡೆದ ಅವರ ಅಧ್ಯಯನದಲ್ಲಿ ಏಳನೆಯ ತರಗತಿಯ ಮಕ್ಕಳು ಒತ್ತಡವನ್ನು ಎದುರಿಸುವುದನ್ನೂ ವಿನಯದಿಂದ ಆದರೆ ದೃಢವಾಗಿ 'ಬೇಡ' ಎನ್ನುವುದನ್ನೂ ಅಭ್ಯಾಸ ಮಾಡಿದರು. ಮುಂದಿನ ಎರಡು ವರ್ಷ ಪಾಠ ಪುನರಾವರ್ತನೆಯಾಯಿತು. ಪಾಠವು ಸಮರ್ಪಕವಾಗಿ ನಡೆದಲ್ಲಿ ಅದರ ಫಲವು ಹನ್ನೆರಡನೆಯ ತರಗತಿಯವರೆಗೂ ಉಳಿಯಿತೆಂದು 1995ರಲ್ಲಿ ಪ್ರಕಟವಾಯಿತು.

ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಶಾಲಾ ಶಿಕ್ಷಕರಿಗೇ ತರಬೇತಿ ನೀಡಿ, ಪ್ರೌಢಶಾಲೆಗಳಲ್ಲಿ ಜೀವನ ಕೌಶಲ ಶಿಕ್ಷಣವನ್ನು ನಡೆಸಿತು. ಶಿಕ್ಷಣ ಪಡೆದ 605 ಮಕ್ಕಳನ್ನು, ಪಡೆಯದ 423 ಮಕ್ಕಳೊಡನೆ ಒಂದು ವರ್ಷದ ನಂತರ ಹೋಲಿಸಿದ ವರದಿ 2010ರಲ್ಲಿ ಬಂತು. ಆತ್ಮಗೌರವ, ಕಷ್ಟವನ್ನು ನಿಭಾಯಿಸುವ ಶಕ್ತಿ, ಶಿಕ್ಷಕರೊಡನೆ ಹೊಂದಾಣಿಕೆ ಇವುಗಳಲ್ಲಿ ಮೊದಲ ಗುಂಪು ಮುಂದಿತ್ತು. ಆದರೆ ಮನೆಯವರೊಡನೆ ಮತ್ತು ಗೆಳೆಯರೊಡನೆ ಹೊಂದಾಣಿಕೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಈ ಕೊನೆಯ ಮಾತು ಮನನಯೋಗ್ಯವಾದುದು. ವ್ಯಸನವು ಬರುವ ದಾರಿ ಗೆಳೆತನವೇ ಆಗಿರುವಾಗ, ಶಾಲೆಯೊಂದರಿಂದಲೇ ಆ ದಾರಿ ಮುಚ್ಚದು. 2003ರ ಕಾಯಿದೆಯು ವಿದ್ಯಾಸಂಸ್ಥೆಗಳಿಂದ 100 ಗಜದೊಳಗೆ ತಂಬಾಕು ಮಾರಾಟವನ್ನು ನಿಷೇಧಿಸಿದೆ. ರಾಜಾಜಿನಗರ, ವಿಜಯನಗರಗಳಂತಹ ಜನನಿಬಿಡ ಬಡಾವಣೆಗಳಲ್ಲಿ ಮಗುವು ಆ ಗಡಿಯನ್ನು ಎರಡು ನಿಮಿಷದಲ್ಲಿ ದಾಟುತ್ತದೆ. ಅದರಾಚೆ ಮಗುವಿಗೆ ರಕ್ಷೆಯಾಗಬೇಕಾದುದು ಮನೆಯ ಮಾತುಕತೆ.

ಪ್ರತಿವರ್ಷ ಜೂನ್ 26ರಂದು, ಮಾದಕ ವಸ್ತು ವಿರೋಧಿ ದಿನದ ನೆಪದಲ್ಲಿ, ಶಾಲಾಮಕ್ಕಳ ಜಾಥಾಗಳು ಹೊರಡುತ್ತವೆ. ಒಂದು ದಿನದ ಘೋಷಣೆಗೆ ವ್ಯಯಿಸುವುದನ್ನು, ಮೂರು ವರ್ಷ ಪಾಠ ಮಾಡಬಲ್ಲ ಒಬ್ಬ ಶಿಕ್ಷಕರ ತರಬೇತಿಗೆ ವಿನಿಯೋಗಿಸುವುದು ಹೆಚ್ಚು ಸಾರ್ಥಕ. ವಿದ್ಯಾಲಯಗಳನ್ನೂ ವಿದ್ಯಾರ್ಥಿನಿಲಯಗಳನ್ನೂ ನಡೆಸುವ ಸಂಸ್ಥೆಗಳಿಗೂ, ಹದಿಹರೆಯದ ಮಕ್ಕಳಿರುವ ಕುಟುಂಬಗಳಿಗೂ ಈ ಇತಿಹಾಸವು ಹೇಳುವುದಿಷ್ಟೆ: ನಿರಾಕರಣೆಯೂ ಒಂದು ವಿದ್ಯೆ, ಅಭ್ಯಾಸವಿಲ್ಲದೆ ಅದು ಕೈಗೂಡದು.